ಗುಂಯ್‌ಗುಡುವ ಕಾರು

ಕೇಳುಗರಿಗೆ ನಮಸ್ಕಾರ.

ಕಾರು ಓಡಿಸುವವರಿಗೆ ಈ ಸದ್ದು ಗೊತ್ತಿರುತ್ತದೆ. ಕುಂಯ್... ಅಂತ ಸಣ್ಣಗೆ ಶುರುವಾಗುತ್ತದೆ. ಹಾಡು ಹಾಕಿಕೊಂಡರೆ ಕೇಳಿಸುವುದೇ ಇಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಹಾಡನ್ನೂ ಮೀರಿ ಕೇಳಿಸುತ್ತದೆ. ಗ್ಯಾರೇಜಿಗೆ ಹೋದಾಗ ನಾವು ಹೇಳುವುದು ಒಂದೇ ಮಾತು: "ಏನೋ ಸದ್ದು ಬರ್ತಿದೆ, ಸ್ವಲ್ಪ ನೋಡಿ." ಅಷ್ಟು ಹೇಳಿದರೆ ಮೆಕ್ಯಾನಿಕ್ ತಾನೇ ಎಲ್ಲಿಂದ ಹುಡುಕಬೇಕು?

ನನ್ನ ಕಾರಿಗೂ ಹೀಗೇ ಆಯಿತು. ಒಂದು ಗ್ಯಾರೇಜಿನಲ್ಲಿ ಮುಂದಿನ ಎಡ ಚಕ್ರದ ಬೇರಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಬಲಗಡೆಯದನ್ನೂ ಬದಲಾಯಿಸಿದರು. ಆಗಲೂ ಹೋಗಲಿಲ್ಲ. ಒಂದು ಸಂಜೆ ಬಯಲಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ಮೆಲ್ಲಗೆ ಆಕ್ಸಿಲರೇಟರ್ ಒತ್ತಿದೆ. ಚಕ್ರ ಒಂದಿಂಚೂ ಉರುಳಲಿಲ್ಲ, ಸದ್ದು ಮಾತ್ರ ಏರುತ್ತಾ ಹೋಯಿತು. ಉರುಳದ ಚಕ್ರದ ಬೇರಿಂಗ್ ಕೂಗುವುದು ಸಾಧ್ಯವೇ? ಒಂದು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಎರಡು ಒಳ್ಳೆಯ ಬೇರಿಂಗ್‌ಗಳನ್ನು ಬಿಚ್ಚಿ ಎಸೆಯಬೇಕಾಗಿರಲಿಲ್ಲ.

ಹಾಗಾಗಿ ಇವತ್ತು ನಾನು ಒತ್ತಿ ಹೇಳುವುದು ಇದೊಂದನ್ನೇ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವ ಮುಂಚೆ, ಅದು ಯಾವುದರ ಜೊತೆ ಏರಿಳಿಯುತ್ತದೆ ಅಂತ ನೋಡಿ. ಎಂಜಿನ್ ವೇಗದ ಜೊತೆಯೋ, ಚಕ್ರದ ವೇಗದ ಜೊತೆಯೋ? ಓಡಿಸುವಾಗಲೂ ಇದನ್ನು ತಿಳಿಯಬಹುದು. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿ. ಕಾರಿನ ವೇಗ ಅಷ್ಟೇ ಇರುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತದೆ. ಕುಂಯ್ ಸದ್ದೂ ಕೂಡಲೇ ಏರಿದರೆ ಎಂಜಿನ್ ಕಡೆ ನೋಡಬೇಕು. ಏನೂ ಬದಲಾಗದಿದ್ದರೆ ಚಕ್ರದ ಕಡೆ.

ಎಂಜಿನ್ ಕಡೆಯದಾದರೆ ಮೊದಲ ಅನುಮಾನ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಭಾಗಗಳ ಮೇಲೆ. ಸ್ಟೇರಿಂಗ್ ತಿರುಗಿಸಿದಾಗ ಸದ್ದು ಜಾಸ್ತಿಯಾಗುತ್ತದಾ? ಹಾಗಿದ್ದರೆ ಪವರ್ ಸ್ಟೇರಿಂಗ್ ಪಂಪು. ಅದರ ಆಯಿಲ್ ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ, ಆಗ ನರಳುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ಆಯಿಲ್ ಮೇಲೆ ನೊರೆ ಕಾಣಿಸಬಹುದು. ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಹೇಳಿರುವ ಆಯಿಲನ್ನೇ ತುಂಬಿ. ಆದರೆ ಈ ಆಯಿಲ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವಂಥದ್ದಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಅದನ್ನೂ ಹುಡುಕಿಸಿ. ಅಂದಹಾಗೆ, ಮೋಟಾರಿನಿಂದ ನಡೆಯುವ ಸ್ಟೇರಿಂಗ್ ಇರುವ ಈಚಿನ ಬಹಳಷ್ಟು ಕಾರುಗಳಲ್ಲಿ ಈ ಆಯಿಲೇ ಇರುವುದಿಲ್ಲ.

ಸ್ಟೇರಿಂಗ್‌ಗೂ ಸದ್ದಿಗೂ ಸಂಬಂಧ ಕಾಣದಿದ್ದರೆ ಹೆಡ್‌ಲೈಟ್, ಬ್ಲೋಯರ್, ಹಿಂದಿನ ಗಾಜು ಬಿಸಿ ಮಾಡುವ ಸ್ವಿಚ್ ಎಲ್ಲ ಹಾಕಿ ನೋಡಿ. ಆಗ ಕೂಗು ಬದಲಾದರೆ ಆಲ್ಟರ್ನೇಟರ್ ಮೇಲೆ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ ಮೇಲೆ ಕಣ್ಣಿಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಇನ್ನೊಂದು ವಿಚಾರ, ರೇಡಿಯೋ ಕೇಳುವವರಿಗೆ ಬೇಕಾದದ್ದು. ಆ ಕುಂಯ್ ಸದ್ದು ಸ್ಪೀಕರಿನಿಂದಲೇ ಬರುತ್ತಿರಬಹುದು! ರೇಡಿಯೋ ಆಫ್ ಮಾಡಿದ ಕೂಡಲೇ ನಿಂತರೆ ಯಾವ ಬೇರಿಂಗನ್ನೂ ಮುಟ್ಟಬೇಡಿ. ಆಡಿಯೋ ಸೆಟ್ಟಿನ ಅರ್ತ್ ವೈರ್ ಸಡಿಲವಾಗಿರಬಹುದು, ಇಲ್ಲವೇ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರಬಹುದು.

ಗೇರ್‌ಬಾಕ್ಸಿಗೆ ಕ್ಲಚ್ಚೇ ಸಾಕ್ಷಿ. ನ್ಯೂಟ್ರಲ್‌ನಲ್ಲಿ ನಿಂತಾಗ ಇರುವ ಸದ್ದು ಕ್ಲಚ್ ಒತ್ತಿದರೆ ನಿಲ್ಲುತ್ತದಾ? ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಇರಬಹುದು. ಒತ್ತಿದಾಗಲೇ ಶುರುವಾಗುತ್ತದಾ? ಕ್ಲಚ್ಚಿನ ರಿಲೀಸ್ ಬೇರಿಂಗ್. ರಿವರ್ಸ್ ಹಾಕಿದಾಗ ಮಾತ್ರ ಕೂಗಿದರೆ ಹೆದರಬೇಡಿ. ಮ್ಯಾನ್ಯುಯಲ್ ಕಾರುಗಳಲ್ಲಿ ಮುಂದಿನ ಗೇರುಗಳ ಹಲ್ಲು ಓರೆಯಾಗಿರುತ್ತವೆ, ಮೆಲ್ಲಗೆ ಜಾರಿಕೊಂಡು ಕೂಡುತ್ತವೆ. ಬಹಳಷ್ಟು ಕಾರುಗಳಲ್ಲಿ ರಿವರ್ಸ್ ಗೇರಿನ ಹಲ್ಲು ಮಾತ್ರ ನೇರ. ಅದಕ್ಕೇ ಆ ಸದ್ದು.

ಚಕ್ರದ ಕಡೆಯದಾದರೆ ತಿರುವುಗಳಲ್ಲಿ ಕಿವಿಗೊಡಿ. ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯ ಬೇರಿಂಗ್ ಸವೆದಿರುವ ಸಾಧ್ಯತೆ ಜಾಸ್ತಿ. ರಸ್ತೆ ಬದಲಾದ ಹಾಗೆ ಸದ್ದೂ ಬದಲಾದರೆ ಅದು ಟೈರಿನದು. ಬೇರಿಂಗಿನ ಅನುಮಾನವಿದ್ದರೆ ತಡ ಮಾಡಬೇಡಿ, ಅದು ಪೂರ್ತಿ ಕೆಟ್ಟರೆ ಚಕ್ರವೇ ಅಲುಗಾಡುತ್ತದೆ.

ನನ್ನ ಕಾರಿನ ಕಥೆ ಅಲ್ಲಿಗೇ ನಿಂತಿತ್ತು, ಅಲ್ವಾ? ಮರುದಿನ ಪರಿಚಯದ ಒಬ್ಬ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ತಂದರು. ಎಂಜಿನ್ ಓಡುತ್ತಿರುವಾಗ ಅದರ ತುದಿಯನ್ನು ಅಲುಗದ ಭಾಗಗಳ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಡಾಕ್ಟರು ಎದೆ ನೋಡುವ ಹಾಗೆ. ನೀವೂ ಮಾಡಬಹುದು, ಆದರೆ ಸಡಿಲ ತೋಳು, ಜೋಲುವ ದುಪಟ್ಟಾ, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯಲೇಬಾರದು. ಫ್ಯಾನಿನಿಂದಲೂ ದೂರವಿರಿ, ಅದು ತಾನಾಗಿಯೇ ತಿರುಗಲು ಶುರುಮಾಡುತ್ತದೆ.

ಆಲ್ಟರ್ನೇಟರ್ ಮೇಲೆ ಊರಿದರು, ಸದ್ದು ಸಣ್ಣಗಿತ್ತು. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಅನ್ನುವ ಸಣ್ಣ ಗಾಲಿಯ ಬೋಲ್ಟಿನ ಹತ್ತಿರ ಊರಿದ ಕೂಡಲೇ ಮುಖ ಹಿಂದಕ್ಕೆ ಎಳೆದುಕೊಂಡರು. ಅಷ್ಟು ಜೋರು. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದುಕೊಂಡು ಬೆಲ್ಟ್ ಬಿಚ್ಚಿದರು. ಆ ಫೋಟೋ ಮರೆಯಬೇಡಿ, ವಾಪಸ್ ಹಾಕುವಾಗ ಅದನ್ನೇ ನೋಡಿಕೊಳ್ಳಬೇಕು.

ನನ್ನ ಕೈಗೆ ಪುಲ್ಲಿ ಕೊಟ್ಟು "ತಿರುಗಿಸಿ ನೋಡಿ ಸಾರ್" ಅಂದರು. ಒಳಗೆ ಮರಳು ಸೇರಿದ ಹಾಗೆ ಕರಕರ ಅಂತಿತ್ತು. ಒಂದು ಸಲ ತಳ್ಳಿದರೆ ಬುಗುರಿಯ ಹಾಗೆ ತಿರುಗುತ್ತಲೇ ಇತ್ತು. ಗ್ರೀಸ್ ಒಣಗಿಹೋಗಿತ್ತು, ತಡೆಯುವುದಕ್ಕೆ ಏನೂ ಉಳಿದಿರಲಿಲ್ಲ. ಹೊಸದನ್ನು ತಳ್ಳಿದಾಗ ಒಂದೆರಡು ಸುತ್ತು ಮೆತ್ತಗೆ ತಿರುಗಿ, ಸದ್ದಿಲ್ಲದೆ ನಿಂತಿತು. ಅಂಗೈಯಷ್ಟಗಲದ ಆ ಪುಲ್ಲಿ ಹಾಕಲು ಬೇಕಾದದ್ದು ಒಂದು ಬೋಲ್ಟು, ಅರ್ಧ ಗಂಟೆ.

ನಮಸ್ಕಾರ.