ಲಾಲ್‌ಬಾಗಿನ ಬಂಡೆ ಕಲಿಸಿದ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿತ್ರಕಲಾ ಶಾಲೆಯಲ್ಲಿ ಕಲಿತವನಲ್ಲ. ಬೆಂಗಳೂರಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಆಫ್‌ಸೆಟ್ ಮೆಷಿನ್ ನಡೆಸಿ ಸಂಸಾರ ಸಾಗಿಸಿದವನು. ಭಾನುವಾರ ಬಂತೆಂದರೆ ಜಲವರ್ಣದ ಡಬ್ಬಿ ಹಿಡಿದು ಹೊರಡುತ್ತೇನೆ. ಈ ಊರಿನ ಮರ, ಕೆರೆ, ಬಂಡೆ, ಬೀದಿ ಇವನ್ನೇ ಬರೆಯುತ್ತೇನೆ. 'ಯಾರ ಹತ್ತಿರ ಕಲಿತಿರಿ?' ಅಂತ ತುಂಬಾ ಜನ ಕೇಳುತ್ತಾರೆ. ಇವತ್ತು ಅದಕ್ಕೆ ಸಮಾಧಾನವಾಗಿ ಉತ್ತರ ಹೇಳುತ್ತೇನೆ.

ಬಣ್ಣ ಬೆರೆಸುವುದು ಬಂದಿದ್ದು ಪ್ರೆಸ್ಸಿನಿಂದ. ಬಣ್ಣದ ಕೆಲಸಕ್ಕೆ ಅಲ್ಲಿ ನಾಲ್ಕೇ ಶಾಯಿ. ಸಯಾನ್ ಅಂದರೆ ತಿಳಿ ನೀಲಿ, ಮೆಜೆಂತಾ ಅಂದರೆ ನೇರಳೆ ಬೆರೆತ ಗುಲಾಬಿ, ಜೊತೆಗೆ ಹಳದಿ, ಕಪ್ಪು. ಕ್ಯಾಲೆಂಡರಿನ ದೇವರ ಪಟ, ಬಾಳೆ ಎಲೆ, ಕುಂಕುಮ ಎಲ್ಲವೂ ಇವುಗಳಿಂದಲೇ ಹುಟ್ಟಬೇಕು. ಹಳದಿಯ ಮೇಲೆ ಸಯಾನ್ ಸ್ವಲ್ಪ ಜಾಸ್ತಿ ಕೂತರೆ ಹಸಿರು ನೀಲಿಯ ಕಡೆ ವಾಲುತ್ತದೆ. ಚೂರು ಮೆಜೆಂತಾ ಸೇರಿದರೆ ಅದೇ ಹಸಿರು ಬಾಡುತ್ತದೆ. ಇದನ್ನು ದಿನಾ ನೋಡಿದವನಿಗೆ ಟ್ಯೂಬಿನ ರೆಡಿ ಹಸಿರು ಸಾಲದು. ಹೊಂಗೆ ಚಿಗುರಿನ ಹಸಿರೇ ಬೇರೆ, ಹಲಸಿನ ಎಲೆಯ ಹಸಿರೇ ಬೇರೆ, ಅಲ್ವಾ?

ನೋಡುವುದನ್ನು ಕಲಿಸಿದ್ದು ಮಾತ್ರ ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷದ ಶಿಲೆ ಅದು. ಮೇಲೆ ಕೆಂಪೇಗೌಡರ ಗೋಪುರ ಇದೆ. ದೂರದಿಂದ ನೋಡಿದರೆ ಬರೀ ಬೂದು ಬಣ್ಣ. ಹತ್ತಿರ ಕೂತು ನೋಡಿ. ತಿಳಿ ಗುಲಾಬಿ ಪಟ್ಟೆ, ಪಕ್ಕದಲ್ಲೇ ಕಪ್ಪು ಪಟ್ಟೆ, ಮಳೆನೀರು ಹರಿದ ಕಡೆ ಉದ್ದಕ್ಕೂ ಕಲೆ. ಬೆಳಗಿನ ಹೊತ್ತು ನೆರಳು ನೀಲಿ. ಬಿಸಿಲೇರಿದಂತೆ ಇಡೀ ಬಂಡೆ ಬೆಳ್ಳಗಾಗುತ್ತದೆ. ಆ ಬಿಳುಪಿಗೆ ಜಲವರ್ಣದಲ್ಲಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡಬೇಕು. ಎಲ್ಲಿ ಬಿಡಬೇಕು ಅನ್ನೋದು ಬ್ರಷ್ ಮುಟ್ಟುವ ಮೊದಲೇ ಗೊತ್ತಿರಬೇಕು. ಹಾಗಾಗಿ ನಾನು ಬರೆಯುವುದಕ್ಕಿಂತ ಸುಮ್ನೆ ಕೂತು ನೋಡುವುದೇ ಹೆಚ್ಚು.

ಹವೆಯೂ ಪಾಠ ಹೇಳುತ್ತದೆ. ಡಿಸೆಂಬರ್ ಮುಂಜಾನೆಯಲ್ಲಿ ಆಕಾಶಕ್ಕೆ ಹಾಕಿದ ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಬೇಗ ಆರುವುದಿಲ್ಲ, ಮೋಡದ ಅಂಚು ಮೆತ್ತಗೆ ಹರಡುತ್ತದೆ. ಏಪ್ರಿಲ್‌ನಲ್ಲಿ ಹಾಕುತ್ತಿದ್ದಂತೆಯೇ ಒಣಗಿ ಗೆರೆ ನಿಲ್ಲುತ್ತದೆ. ಬೇಸಿಗೆಯ ಚಿತ್ರ ಗಡುಸಾಗಿ ಬಂದರೆ ನನಗೆ ಸಂತೋಷವೇ. ಆ ದಿನ ಹಾಗೇ ಇತ್ತು.

ಮೊಬೈಲ್ ಫೋಟೊ ನೋಡಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಬಿಸಿಲಲ್ಲಿ ತೆಗೆದ ಫೋಟೊದಲ್ಲಿ ಮರದ ನೆರಳು ಎಷ್ಟೋ ಸಲ ಕಪ್ಪು ಮುದ್ದೆಯಾಗುತ್ತದೆ, ಆಕಾಶ ಬಿಳಿಚಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಆ ನೆರಳಿನೊಳಗೆ ನೇರಳೆ ಕಾಣುತ್ತದೆ, ಕೆಮ್ಮಣ್ಣಿನ ಛಾಯೆಯೂ ಕಾಣುತ್ತದೆ. ಚಿತ್ರದ ಜೀವ ಇರುವುದೇ ಅಲ್ಲಿ.

ಜನ ನನ್ನನ್ನು ಏಕಲವ್ಯ ಅನ್ನುತ್ತಾರೆ. ಏಕಲವ್ಯನಿಗೂ ಎದುರಿಗೊಂದು ಮೂರ್ತಿ ಇತ್ತು. ನನಗೆ ಇಬ್ಬರಿದ್ದಾರೆ. ಒಬ್ಬರು ಕೆ. ವೆಂಕಟಪ್ಪ. ಊಟಿ, ಕೊಡೈಕೆನಾಲಿನ ಮಂಜನ್ನು ಅವರು ಜಲವರ್ಣದಲ್ಲಿ ಹಿಡಿದಿದ್ದಾರೆ. ಇನ್ನೊಬ್ಬರು ದೊಡ್ಡಬಳ್ಳಾಪುರದ ರುಮಾಲೆ ಚೆನ್ನಬಸವಯ್ಯ. ಹುಟ್ಟಿದ್ದು 1910, ತೀರಿಕೊಂಡಿದ್ದು 1988. ಹರೆಯದಲ್ಲಿ ಚಿತ್ರಕಲೆ ಕಲಿಯುತ್ತಿದ್ದವರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದರು, ಜೈಲು ಕಂಡರು. ಐವತ್ತು ದಾಟಿದ ಮೇಲೆ ಮತ್ತೆ ಬ್ರಷ್ ಹಿಡಿದು ಬೆಂಗಳೂರಿನ ಹೂಮರಗಳನ್ನು ಮರದೆದುರೇ ನಿಂತು ಬರೆದರು. ತಡವಾಯಿತು ಎಂದು ಕೊರಗುವವರಿಗೆ ನಾನು ಅವರ ಹೆಸರು ಹೇಳುತ್ತೇನೆ.

ಆ ಹೂಮರಗಳ ಹಿಂದೆಯೂ ಒಬ್ಬರ ಕಣ್ಣಿತ್ತು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿ ನೆಡಿಸಿದರು. ಇವತ್ತು ರಸ್ತೆ ಅಗಲವಾದ ಕಡೆ ಮರ ಹೋಗಿದೆ, ಮೆಟ್ರೊ ಕಂಬ ಬಂದಿದೆ. ನಾನು ಕಂಬವನ್ನೂ ಬರೆಯುತ್ತೇನೆ, ಕರೆಂಟು ತಂತಿಯನ್ನೂ ಬಿಡುವುದಿಲ್ಲ. ಅವನ್ನು ಬಿಟ್ಟರೆ ಅದು ಈ ಊರಿನ ಚಿತ್ರವಾಗುವುದಿಲ್ಲ.

ಶುರು ಮಾಡುವವರಿಗೆ ಹಳದಿ, ಕೆಂಪು, ನೀಲಿ ಮೂರು ಟ್ಯೂಬು ಸಾಕು. ಒಂದೇ ಒಂದು ದುಂಡನೆ ಬ್ರಷ್. ಉಳಿದ ದುಡ್ಡನ್ನು ಕಾಗದಕ್ಕೆ ಹಾಕಿ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪನೆಯ ಹತ್ತಿ ಕಾಗದ ತಗೊಂಡು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಕೊಳ್ಳಿ, ಒಂದು ಹಾಳೆ ತುಂಬಾ ದಿನ ಬರುತ್ತದೆ. ಬರುವ ಭಾನುವಾರ ಬೆಳಗ್ಗೆ ನಾನು ಲಾಲ್‌ಬಾಗಿನ ಬಂಡೆಯ ಮೇಲೆ ಇರುತ್ತೇನೆ. ಕಾಗದ ಇಲ್ಲದಿದ್ದರೂ ಬನ್ನಿ, ನಾನು ಕೊಡುತ್ತೇನೆ.

ನಮಸ್ಕಾರ.