ಕೋವಿಯನ್ನು ಕವರಲ್ಲಿ ಇಡ್ಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಉಡುಪಿ, ಮಂಗಳೂರು ಕಡೆ ಚಾವಡಿ ಗೋಡೆಗೆ ಕೋವಿ ತೂಗುಹಾಕಿದ ಮನೆಗಳು ಇನ್ನೂ ಉಂಟು. ಅದರಲ್ಲಿ ಕೆಲವು ನಿಜವಾಗಿ ಹಳೇದಲ್ಲ, ರೆಪ್ಲಿಕಾ, ಹಳೇ ಕೋವಿ ನೋಡಿ ಹೊಸದಾಗಿ ಮಾಡಿದ್ದು. ಅಂಥದ್ದು ನಿಮ್ಮಲ್ಲಿದ್ರೆ ನಾನು ಹೇಳೋದು ಒಂದೇ, ಅದನ್ನು ಕವರಲ್ಲಿ ಇಡ್ಬೇಡಿ.

ಮೊದ್ಲು ಬೆಲೆ ವಿಷಯ. ಮಾರುವವರು ಇದು ಕಲ್ಯಾಣಪ್ಪನ ಕಾಟಕಾಯಿ, ಅಂದ್ರೆ ನಮ್ಮ ಕಡೆ ಬ್ರಿಟಿಷರ ಮೇಲೆ ಎದ್ದ ಬಂಡಾಯ, ಆ ಕಾಲದ್ದು ಅಂತ ಹೇಳ್ತಾರೆ. ಕಾಟಕಾಯಿ ಆದದ್ದು 1837ರಲ್ಲಿ, ಅವ್ರು ತೋರಿಸುವ ಎನ್‌ಫೀಲ್ಡ್, ಅಂದ್ರೆ ಬ್ರಿಟಿಷ್ ಸೈನ್ಯದ ಕೋವಿ, ಆ ಮಾದರಿ ಹುಟ್ಟಿದ್ದೇ 1853ರಲ್ಲಿ, ಮತ್ತೆ ಹೇಗೆ ಸಾಧ್ಯ ಹೇಳಿ? ನಳಿಗೆ ಮೇಲಿನ ಮುದ್ರೆ ಓದಿ. ಪೆಡರ್ಸೋಲಿ, ಉಬರ್ಟಿ ಅಂತ ಇದ್ರೆ ಅದು ಇಟಲಿಯ ರೆಪ್ಲಿಕಾ, ನಳಿಗೆ ಪರೀಕ್ಷೆ ಮಾಡಿದ ವರ್ಷದ ಗುರುತು ಕೂಡ ಚಿಕ್ಕ ಚೌಕದೊಳಗೆ ಒತ್ತಿರ್ತದೆ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್‌ನವರು 1970ರ ದಶಕದಲ್ಲಿ ಮಾಡಿದ ಎನ್‌ಫೀಲ್ಡಿಗೆ ಬೆಲೆ ಜಾಸ್ತಿ, ಯಾಕಂದ್ರೆ ಹಳೇ ಎನ್‌ಫೀಲ್ಡಿನ ಅಸಲಿ ಗೇಜು, ಅಂದ್ರೆ ಅಳತೆ ನೋಡುವ ಅಚ್ಚುಗಳನ್ನೇ ಇಟ್ಟು ಅಳತೆ ತೆಗೆದು ಮಾಡಿದ್ದು.

ಅಸಲಿ ಹಳೇ ಕೋವಿಗೆ ವಯಸ್ಸೇ ಬೆಲೆ, ಅದರ ಕಪ್ಪು ಹಿಡಿದ ಬಣ್ಣ ಉಜ್ಜಿ ತೆಗೀಲೇಬಾರದು. ರೆಪ್ಲಿಕಾಕ್ಕೆ ವಯಸ್ಸಿಲ್ಲ, ಚೆನ್ನಾಗಿದ್ರೆ ಮಾತ್ರ ಬೆಲೆ, ತುಕ್ಕು ಬಂತಾ, ಹೋಯ್ತು.

ಕಾರ್ಕಳ ಕಡೆ ಒಬ್ರು ಹಿರಿಯರ ಮನೇಲಿ ಚಂದದ ಎನ್‌ಫೀಲ್ಡ್ ರೆಪ್ಲಿಕಾ ಇತ್ತು. ಆಯುಧ ಪೂಜೆ ದಿನ ಗಂಧ, ಕುಂಕುಮ ಹಚ್ಚಿ ಹೂ ಇಟ್ಟು ಆರತಿ ಎತ್ತಿದ್ರು, ಸಂತೋಷ, ಆಮೇಲೆ ಗಂಧ ಒರೆಸದೆ ಮೇಲಿಂದ ತೆಂಗಿನೆಣ್ಣೆ ಸವರಿ, ಸ್ಪಂಜು ಇದ್ದ ಲೆದರ್ ಕವರಿಗೆ ಹಾಕಿ, ಜಿಪ್ ಎಳೆದು ಅಟ್ಟಕ್ಕೆ ಏರಿಸಿದ್ರು. ನಮ್ಮ ಮಳೆಗಾಲ ನಿಮಗೆ ಗೊತ್ತುಂಟಲ್ಲ, ಆ ಸ್ಪಂಜು ನೀರು ಕುಡಿದು ಕೂತಿತು, ತೆಂಗಿನೆಣ್ಣೆ ಅಂಟಂಟಾಗಿ ಆ ತೇವವನ್ನೇ ಹಿಡಿದಿಟ್ಟಿತು. ಮರುವರ್ಷ ಪೂಜೆಗೆ ಅಂತ ತೆಗೆದ್ರೆ ಗಂಧ ಇಟ್ಟಲ್ಲೆಲ್ಲ ಅದೇ ಬೆರಳಿನ ಆಕಾರದಲ್ಲಿ ತುಕ್ಕು, ತಿಂದು ಗುಂಡಿ ಬಿದ್ದಿದೆ, ಒಳ್ಳೆ ಬೆಲೆಗೆ ಕೇಳಿದವರು ಬಂದು ನೋಡಿ ಚಾ ಕುಡಿದು ಹೋದ್ರು. "ಗಾಳಿಯೂ ತಾಗದ ಹಾಗೆ ಜೋಪಾನ ಮಾಡಿದ್ದೆ ಮಾರಾಯ್ರೆ" ಅಂತ ಅವ್ರು ನನ್ನತ್ರ ಹೇಳಿದ್ದು. ಗಾಳಿ ತಾಗ್ಬೇಕು! ಅದನ್ನೇ ನಾನು ಎಲ್ಲ ಕಡೆ ಹೇಳ್ತಾ ಬರ್ತಿದ್ದೇನೆ, ಯಾರೂ ಕೇಳೋದಿಲ್ಲ.

ಪೂಜೆ ಮಾಡಿ, ಸಂಜೆಗೆ ಒದ್ದೆ ಬಟ್ಟೆಯಲ್ಲಿ ಗಂಧ ತೆಗೆದು, ಚೆನ್ನಾಗಿ ಒಣಗಿಸಿ, ತೆಳ್ಳಗೆ ಗನ್ ಆಯಿಲ್ ಒರೆಸಿ, ಗಾಳಿ ಆಡುವಲ್ಲಿ ಇಡಿ, ಕವರಲ್ಲಿ ಬೇಡ. ಕೈ ಬೆವರಲ್ಲೂ ಉಪ್ಪುಂಟು, ಮುಟ್ಟಿದ ಮೇಲೆ ಒರೆಸಿ.

ಟೈಮ್ ಕಮ್ಮಿ ಉಂಟು, ಬೇಗ ಹೇಳ್ತೇನೆ. ಗುಂಡು ಹಾರುವ ರೆಪ್ಲಿಕಾ ಆದ್ರೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಇಂಥ ಕೋವಿಗೆ ತುಂಬುವ ಕಪ್ಪು ಮದ್ದು, ಅಂದ್ರೆ ಹಳೇ ಕಾಲದ ಸಿಡಿಮದ್ದು, ಅದರ ಮಸಿ ಎಣ್ಣೆಗೆ ಹೋಗೋದಿಲ್ಲ, ಈಡು ಹೊಡೆದ ದಿನವೇ ಬಿಸಿನೀರು, ಸೋಪು ಹಾಕಿ ನಳಿಗೆ ತೊಳೀರಿ, ಕೋವಿಗೆ ನೀರಾ ಅಂತ ಹೆದರ್ಬೇಡಿ, ಒಣಗಿಸಿ ಎಣ್ಣೆ ಕೊಟ್ರೆ ಆಯ್ತು. ನಮಸ್ಕಾರ.