ಡಿಸ್ಕ್ ಇಲ್ಲದ ಡಬ್ಬಿ: ಗೇಮ್ ಬಾಯ್ ಪ್ಲೇಯರ್ ಮತ್ತು ಒಂದು ಹೋಂಬ್ರೂ ತಂತ್ರಾಂಶ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಯಂತ್ರಗಳಿವೆ. ಬೆನ್ನಿಗೆ ಹಿಡಿಕೆ ಇರುವ ಈ ನೇರಳೆ ಡಬ್ಬಿ ನಿಂಟೆಂಡೊ ಗೇಮ್‌ಕ್ಯೂಬ್, 2001ರದ್ದು. ಅದರ ಅಡಿಯಲ್ಲಿ ಪೀಠದ ಹಾಗೆ ಕೂತಿರುವ ಕಪ್ಪು ಪೆಟ್ಟಿಗೆ ಗೇಮ್ ಬಾಯ್ ಪ್ಲೇಯರ್, 2003ರದ್ದು. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ಬೇಸರ ಬೇಡ, ನೋಡೋಕೆ ಅಂಥ ಚೆಂದವೇನೂ ಇಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಈ ಮೂರರ ಕಾರ್ಟ್ರಿಡ್ಜ್‌ಗಳನ್ನೂ ಇದರ ಮುಂದಿನ ಬಾಯಿಗೆ ತುರುಕಿದರೆ ಆಟ ಟಿವಿಯಲ್ಲಿ ಬರುತ್ತದೆ. ಬರಬೇಕು, ಅಷ್ಟೇ. ಬರುವುದಕ್ಕೆ ಇನ್ನೊಂದು ವಸ್ತು ಬೇಕು. ನನ್ನ ಇವತ್ತಿನ ಮಾತೆಲ್ಲ ಆ ಮೂರನೆಯ ವಸ್ತುವಿನದು.

ನಾನು ಈ ಪ್ಲೇಯರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಪೆಟ್ಟಿಗೆ ಬಂತು, ತಿರುಪುಗಳು ಬಂದವು, ಕೈಪಿಡಿಯೂ ಬಂತು. ಡಿಸ್ಕ್ ಬರಲಿಲ್ಲ. ಸ್ಟಾರ್ಟ್ ಅಪ್ ಡಿಸ್ಕ್ ಅಂತ ಎಂಟು ಸೆಂಟಿಮೀಟರಿನ ಒಂದು ಪುಟ್ಟ ಡಿಸ್ಕ್ ಇದರ ಜೊತೆ ಬರಬೇಕಿತ್ತು. ಅದಿಲ್ಲದೆ ಇದು ಬರೀ ಪೀಠ. ಮಾರಿದವರನ್ನು ಕೇಳಿದರೆ "ಹಾರ್ಡ್‌ವೇರ್ ಎಲ್ಲ ಸರಿ ಇದೆಯಲ್ಲ" ಅಂದರು. ಅವರು ಹೇಳಿದ್ದು ನಿಜವೇ, ಅದಕ್ಕೇ ಜಗಳವಾಡೋಕೂ ಆಗಲಿಲ್ಲ. ಇದು ನನ್ನೊಬ್ಬನ ಪಾಡೂ ಅಲ್ಲ. ಪೆಟ್ಟಿಗೆ ದಪ್ಪ, ಡಿಸ್ಕ್ ತೆಳು. ಇಪ್ಪತ್ತು ವರ್ಷದಲ್ಲಿ ಕಳೆದುಹೋಗುವುದು ತೆಳುವಾದದ್ದೇ.

ಈ ಪೆಟ್ಟಿಗೆಯೊಳಗೆ ಏನಿದೆ ಅನ್ನುವುದನ್ನು ಮೊದಲು ನೋಡೋಣ. ತುಂಬ ಜನ ಇದನ್ನು ಎಮ್ಯುಲೇಟರ್ ಅಂದುಕೊಳ್ಳುತ್ತಾರೆ. ಎಮ್ಯುಲೇಟರ್ ಅಂದರೆ ಒಂದು ಯಂತ್ರ ಇನ್ನೊಂದರ ವೇಷ ಹಾಕುವುದು. ಇಲ್ಲಿ ವೇಷವಿಲ್ಲ. ಒಳಗೆ ಗೇಮ್ ಬಾಯ್ ಅಡ್ವಾನ್ಸ್‌ನದೇ ಹಾರ್ಡ್‌ವೇರ್ ಕೂತಿದೆ; ಇಲ್ಲದಿರುವುದು ಪರದೆ, ಬ್ಯಾಟರಿ, ಗುಂಡಿಗಳು ಮಾತ್ರ. ಆಟ ಓಡುವುದು ಅದರಲ್ಲೇ. ಗೇಮ್‌ಕ್ಯೂಬ್ ತನ್ನ ಹೊಟ್ಟೆಯಡಿಯ ಹೈ ಸ್ಪೀಡ್ ಪೋರ್ಟ್ ಮೂಲಕ ಚಿತ್ರವನ್ನೂ ಸದ್ದನ್ನೂ ತೆಗೆದುಕೊಂಡು ಟಿವಿಗೆ ದಾಟಿಸುತ್ತದೆ, ನಾವು ಒತ್ತಿದ ಗುಂಡಿಗಳನ್ನು ಕೆಳಕ್ಕೆ ಕಳಿಸುತ್ತದೆ. ಕೆಲಸ ಇಷ್ಟೇ. ಚಿತ್ರದ ಅಳತೆ 240 ಅಡ್ಡ, 160 ಉದ್ದ. ಪಿಕ್ಸೆಲ್‌ಗೆ ಎರಡು ಬೈಟ್, ಸೆಕೆಂಡಿಗೆ ಸುಮಾರು 60 ಚಿತ್ರ ಅಂತ ಲೆಕ್ಕ ಹಿಡಿದರೆ ಸೆಕೆಂಡಿಗೆ ಸುಮಾರು 46 ಲಕ್ಷ ಬೈಟ್. ಗೇಮ್‌ಕ್ಯೂಬ್‌ಗೆ ಅದೇನು ದೊಡ್ಡ ಹೊರೆಯಲ್ಲ. ಅಂದಮೇಲೆ ಆ ಡಿಸ್ಕ್ ಒಬ್ಬ ದುಭಾಷಿ. ಇಬ್ಬರ ನಡುವೆ ನಿಂತು, ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಹೇಳುವವನು.

ದುಭಾಷಿ ಸುಮಾರಾಗಿದ್ದ. ಡಿಸ್ಕ್ ಇದ್ದವರ ದೂರುಗಳನ್ನು ನೀವೂ ಕೇಳಿರುತ್ತೀರಿ. ಚಿತ್ರ ಮಂಜು ಮಂಜು. ಗುಂಡಿ ಒತ್ತಿದರೆ ಪಾತ್ರ ಯೋಚನೆ ಮಾಡಿ ಜಿಗಿದ ಹಾಗೆ. ಹಿನ್ನೆಲೆ ಪಕ್ಕಕ್ಕೆ ಸರಿಯುವಾಗ ನಡುನಡುವೆ ಮುಗ್ಗರಿಕೆ. ಈ ಮುಗ್ಗರಿಕೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ನನಗೆ ಈ ವಿಷಯದಲ್ಲಿ ತುಂಬ ಖುಷಿ ಕೊಟ್ಟ ಲೆಕ್ಕ ಇದು.

ಗೇಮ್ ಬಾಯ್ ಅಡ್ವಾನ್ಸ್‌ನ ಗಡಿಯಾರ ಸೆಕೆಂಡಿಗೆ 1,67,77,216 ಸಲ ಬಡಿಯುತ್ತದೆ, ಅಂದರೆ 2ರ 24ನೇ ಘಾತ. ಒಂದು ಫ್ರೇಮ್, ಅಂದರೆ ಪರದೆಯ ಒಂದು ಇಡೀ ಚಿತ್ರ, ಬರೆಯಲು 2,80,896 ಬಡಿತ ಬೇಕು. ಭಾಗಿಸಿ ನೋಡಿ: ಸೆಕೆಂಡಿಗೆ 59.7275 ಫ್ರೇಮ್. 1989ರ ಮೊದಲ ಗೇಮ್ ಬಾಯ್‌ನಲ್ಲಿ ಎರಡೂ ಸಂಖ್ಯೆ ಕಾಲು ಭಾಗ, ಹಾಗಾಗಿ ಉತ್ತರ ಅದೇ. ಆದರೆ ಅಮೆರಿಕ, ಜಪಾನ್ ಮಾದರಿಯ ಟಿವಿ ಕೇಳುವುದು 59.94. ವ್ಯತ್ಯಾಸ 0.21, ಕಣ್ಣಿಗೆ ಕಾಣದಷ್ಟು ಸಣ್ಣದು ಅನ್ನಿಸುತ್ತದೆ. ಆದರೆ ಆ 0.21 ಕೂಡಿ ಕೂಡಿ ಸುಮಾರು 4.7 ಸೆಕೆಂಡಿಗೊಮ್ಮೆ ಒಂದು ಇಡೀ ಫ್ರೇಮ್ ಕೊರತೆ ಬೀಳುತ್ತದೆ. ಟಿವಿ "ಕೊಡು" ಅನ್ನುತ್ತದೆ, ಕೆಳಗಿನ ಯಂತ್ರದ ಹತ್ತಿರ ಹೊಸದು ಇನ್ನೂ ತಯಾರಿಲ್ಲ, ಹಳೆಯದನ್ನೇ ಮತ್ತೊಮ್ಮೆ ತೋರಿಸಬೇಕು. ಹಿನ್ನೆಲೆ ಸರಾಗ ಹರಿಯುತ್ತಿದ್ದದ್ದು ಅಲ್ಲಿ ಒಂದು ಕ್ಷಣ ಎಡವುತ್ತದೆ. ಒಮ್ಮೆ ಗಮನಿಸಿದಿರೋ ಕತೆ ಮುಗಿಯಿತು, ಆಮೇಲೆ ಆಟ ಬಿಟ್ಟು ಅದನ್ನೇ ಕಾಯುತ್ತ ಕೂರುತ್ತೀರಿ.

ನಿಂಟೆಂಡೊಗೆ ಈ ತೊಡಕು ಹೊಸದಲ್ಲ. 1994ರ ಸೂಪರ್ ಗೇಮ್ ಬಾಯ್, ಅಂದರೆ ಹಿಂದಿನ ಕಾಲದ ಇದೇ ಬಗೆಯ ಸಾಧನ, ತನ್ನ ಗಡಿಯಾರವನ್ನು ಸೂಪರ್ ನಿಂಟೆಂಡೊ ಯಂತ್ರದಿಂದ ಕಡ ತಂದಿತ್ತು. ಹಾಗಾಗಿ ಆಟ ಶೇಕಡಾ 2.4ರಷ್ಟು ಬೇಗ ಓಡುತ್ತಿತ್ತು, ಸಂಗೀತದ ಶ್ರುತಿಯೂ ಅಷ್ಟೇ ಏರುತ್ತಿತ್ತು. 1998ರಲ್ಲಿ ಜಪಾನಿನಲ್ಲಿ ಮಾತ್ರ ಬಂದ ಎರಡನೆಯ ಮಾದರಿಗೆ ಸ್ವಂತ ಗಡಿಯಾರ ಕೊಟ್ಟು ಅದನ್ನು ಸರಿಪಡಿಸಿದರು.

ಈಗ ಹೋಂಬ್ರೂಗೆ ಬರೋಣ. ಹೋಂಬ್ರೂ ಅಂದರೆ ಕಂಪನಿಯ ಅಪ್ಪಣೆ, ಅಭಿವೃದ್ಧಿ ಕಿಟ್ ಏನೂ ಇಲ್ಲದೆ ಹವ್ಯಾಸಿಗಳು ಬರೆದ ತಂತ್ರಾಂಶ. ಗೇಮ್‌ಕ್ಯೂಬ್‌ಗೆ ಬರೆಯಲು ಅವರದೇ ಮುಕ್ತ ಕಂಪೈಲರ್, ಲಿಬ್‌ಓಜಿಸಿ ಎಂಬ ಲೈಬ್ರರಿ ಇದೆ. ಪ್ಲೇಯರ್‌ಗಾಗಿ ಬಂದದ್ದು ಗೇಮ್ ಬಾಯ್ ಇಂಟರ್ಫೇಸ್, ಬಳಸುವವರ ಬಾಯಲ್ಲಿ ಜಿಬಿಐ. ಅಡ್ಡಹೆಸರಿನಲ್ಲೇ ಗುರುತಿಸಿಕೊಳ್ಳುವ ಒಬ್ಬ ಪ್ರೋಗ್ರಾಮರ್‌ನ ಕೆಲಸ. ಅವರು ಕಳೆದುಹೋದ ಡಿಸ್ಕನ್ನು ನಕಲು ಮಾಡಲಿಲ್ಲ. ದುಭಾಷಿಯನ್ನೇ ಬದಲಿಸಿದರು. ಆಟ ಕಾರ್ಟ್ರಿಡ್ಜ್‌ನಿಂದಲೇ ಬರಬೇಕು, ಓಡುವುದು ಅಸಲಿ ಹಾರ್ಡ್‌ವೇರ್‌ನಲ್ಲೇ. ಹೋಂಬ್ರೂ ಅಂದ ತಕ್ಷಣ ಕಳ್ಳಮಾಲು ಅಂತ ಮೂಗು ಮುರಿಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಇಲ್ಲಿ ಕದಿಯುವುದಕ್ಕೆ ಏನೂ ಇಲ್ಲ.

ಯಂತ್ರಕ್ಕೆ ಇದನ್ನು ಉಣಿಸುವ ದಾರಿಗಳು ಹಲವು, ಬೇಗ ಹೇಳಿ ಮುಗಿಸುತ್ತೇನೆ. ಮೆಮೊರಿ ಕಾರ್ಡ್ ಕಿಂಡಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಬಹುದು. ಅದರಿಂದ ಓದಿಸಲು ಸ್ವಿಸ್ ಎಂಬ ಇನ್ನೊಂದು ಹೋಂಬ್ರೂ ಇದೆ. ಸ್ವಿಸ್ ಅನ್ನೇ ಶುರು ಮಾಡಲು ಆಕ್ಷನ್ ರಿಪ್ಲೇ ಎಂಬ ಚೀಟ್ ಕೋಡ್ ಡಿಸ್ಕ್, ಇಲ್ಲವೇ ಬೇಕೆಂದೇ ಕೆಡಿಸಿದ ಸೇವ್ ಫೈಲ್, ಇಲ್ಲವೇ ಒಳಗೆ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ಬೆಸೆದು ಯಂತ್ರ ಎದ್ದ ಕೂಡಲೇ ಓದುವ ಬೂಟ್ ಕೋಡನ್ನೇ ಬದಲಿಸುವುದು. ನಾನು ಮಾಡಿದ್ದು ಕೊನೆಯದು. ನನ್ನ ಬೆಸುಗೆ ನೋಡಿದರೆ ನಗುತ್ತೀರಿ, ಅದಕ್ಕೇ ಮುಚ್ಚಳ ತೆಗೆದು ತೋರಿಸುತ್ತಿಲ್ಲ. ಒಂದು ಎಚ್ಚರಿಕೆ: ಗೇಮ್‌ಕ್ಯೂಬ್ ಡಿಸ್ಕ್ ಓದುವ ಹಳೆಯ ವೀ ಕನ್ಸೋಲ್‌ಗಳಲ್ಲಿ ಇದೆಲ್ಲ ನಡೆಯುವುದಿಲ್ಲ. ಪ್ಲೇಯರ್ ಕೂರಿಸಲು ಬೇಕಾದ ಪೋರ್ಟೇ ಅದರಲ್ಲಿಲ್ಲ.

ಜಿಬಿಐ ಒಂದೇ ರೂಪದಲ್ಲಿಲ್ಲ. ಎಲ್ಲ ಸೌಲಭ್ಯ ಇರುವುದೊಂದು, ಗುಂಡಿ ಒತ್ತಿದ್ದಕ್ಕೂ ಪಾತ್ರ ಜಿಗಿಯುವುದಕ್ಕೂ ನಡುವಿನ ವಿಳಂಬವನ್ನು ಸಾಧ್ಯವಾದಷ್ಟು ಇಳಿಸುವುದೊಂದು, ಆಟವನ್ನು ಅತಿ ಬೇಗ ಮುಗಿಸುವ ಸ್ಪರ್ಧೆಗಳಿಗೇ ಒಂದು. ವಿಳಂಬ ಇಳಿಸುವ ಆವೃತ್ತಿ 0.21ರ ತಕರಾರನ್ನು ಬಗೆಹರಿಸಿದ ರೀತಿ ನನಗೆ ಮೆಚ್ಚುಗೆ. ಟಿವಿಯ ತಾಳಕ್ಕೆ ಆಟವನ್ನು ಕುಣಿಸುವ ಬದಲು ಆಟದ ತಾಳಕ್ಕೆ ಟಿವಿಯನ್ನು ಕುಣಿಸುತ್ತದೆ, ಗೇಮ್‌ಕ್ಯೂಬ್ ಹೊರಬಿಡುವ ಸಿಗ್ನಲ್‌ನ ಗತಿಯನ್ನೇ ಕೆಳಗಿನ ಯಂತ್ರದ ಗತಿಗೆ ಇಳಿಸುತ್ತದೆ. ಮುಗ್ಗರಿಕೆ ಮಾಯ. ಕೆಲವು ಟಿವಿಗಳು ಈ ಅಡ್ಡಗತಿಯನ್ನು ಒಪ್ಪದೆ ಪರದೆ ಕಪ್ಪು ಮಾಡುತ್ತವೆ ಅನ್ನುವುದೂ ನಿಜ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇಟ್ಟುಕೊಂಡವರಿಗೆ ಅಧಿಕೃತ ಡಿಸ್ಕ್ ಕೊಡದ 240 ಸಾಲಿನ ಚಿತ್ರವೂ ಸಿಗುತ್ತದೆ. 480 ಸಾಲಿನ ಚಿತ್ರ ಬೇಕೆಂದರೆ 160ನ್ನು ಸರಿಯಾಗಿ ಮೂರು ಪಟ್ಟು ಮಾಡಿದರಾಯಿತು, ಒಂದು ಪಿಕ್ಸೆಲ್ಲೂ ಅರ್ಧಕ್ಕೆ ತುಂಡಾಗದು.

ಇಷ್ಟು ಕೇಳಿದ ಮೇಲೆ ಹಳೆಯ ಡಿಸ್ಕ್ ಕೆಟ್ಟದ್ದು, ಹೊಸದು ಒಳ್ಳೆಯದು ಅಂತ ತೀರ್ಪು ಕೊಟ್ಟು ಎದ್ದು ಹೋಗಬಹುದಿತ್ತು. ನಾನೂ ಒಂದಷ್ಟು ದಿನ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಆಟದಲ್ಲಿ ನನ್ನ ಪಾತ್ರದ ನೆರಳು ಪಟಪಟ ಮಿಟುಕತೊಡಗಿತು. ಕೇಬಲ್ ಅಲ್ಲಾಡಿಸಿದೆ, ಕಾರ್ಟ್ರಿಡ್ಜ್ ಒರೆಸಿದೆ, ಕೊನೆಗೆ ನನ್ನ ಬೆಸುಗೆಯನ್ನೇ ಶಪಿಸಿದೆ. ತಪ್ಪು ಯಾವುದರಲ್ಲೂ ಇರಲಿಲ್ಲ. ಆ ಆಟ ಬರೆದವರು ನೆರಳನ್ನು ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮ್‌ನಲ್ಲಿ ಮಾತ್ರ ಬರೆದಿದ್ದರು. ಕೈಯಂತ್ರದ ಎಲ್‌ಸಿಡಿ ಪರದೆ ನಿಧಾನ. ಹಿಂದಿನ ಚಿತ್ರ ಪೂರ್ತಿ ಅಳಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಎರಡೂ ಬೆರೆತು ಕಣ್ಣಿಗೆ ಅರೆಪಾರದರ್ಶಕ ನೆರಳು ಕಾಣುತ್ತದೆ. ಪರದೆಯ ದೌರ್ಬಲ್ಯವನ್ನೇ ಬಣ್ಣದ ಡಬ್ಬಿ ಮಾಡಿಕೊಂಡಿದ್ದರು! ಅಧಿಕೃತ ಡಿಸ್ಕ್ ಫ್ರೇಮ್‌ಗಳನ್ನು ಒಂದರೊಳಗೊಂದು ಬೆರೆಸುತ್ತಿತ್ತಲ್ಲ, ನಾವು ಮಂಜು ಅಂತ ಬೈಯುತ್ತಿದ್ದೆವಲ್ಲ, ಈ ನೆರಳಿನ ಮಟ್ಟಿಗೆ ಅದೇ ಸರಿಯಾಗಿತ್ತು.

ಬಣ್ಣದ ಕತೆಯೂ ಹಾಗೆಯೇ. 2001ರ ಮೊದಲ ಗೇಮ್ ಬಾಯ್ ಅಡ್ವಾನ್ಸ್‌ಗೆ ಪರದೆಯ ದೀಪವೇ ಇರಲಿಲ್ಲ. ಕಿಟಕಿ ಪಕ್ಕ ಕೂತು, ಕತ್ತು ಓರೆ ಮಾಡಿ ಆಡಬೇಕಿತ್ತು. ಅದಕ್ಕೆ ತಕ್ಕಂತೆ ಎಷ್ಟೋ ಆಟಗಳಲ್ಲಿ ಬಣ್ಣವನ್ನು ಬೇಕೆಂದೇ ಢಾಳಾಗಿ ಬಳಿದಿದ್ದಾರೆ. ಟಿವಿಗೆ ಇದ್ದದ್ದು ಇದ್ದ ಹಾಗೆ ಕಳಿಸಿದರೆ ಕಣ್ಣು ಕುಕ್ಕುತ್ತದೆ. ಹಾಗಾದರೆ ಅಸಲಿ ಬಣ್ಣ ಯಾವುದು? ಚಿಪ್ ಕೊಟ್ಟ ಸಂಖ್ಯೆಯೋ, ಅಂದಿನ ಹುಡುಗ ಕಿಟಕಿ ಬೆಳಕಲ್ಲಿ ಕಂಡದ್ದೋ? ನನ್ನ ಮತ ಎರಡನೆಯದಕ್ಕೆ. ಇಲ್ಲಿ ಕೂತವರಲ್ಲಿ ಒಪ್ಪದವರು ಇದ್ದೀರಿ ಅಂತ ಗೊತ್ತು, ಆಮೇಲೆ ಜಗಳವಾಡೋಣ. ಜಿಬಿಐ ಈ ಜಗಳದಲ್ಲಿ ಪಕ್ಷ ವಹಿಸುವುದಿಲ್ಲ. ಫ್ರೇಮ್ ಬೆರೆಸುವುದು, ಬಣ್ಣ ತಿದ್ದುವುದು ಎರಡೂ ಅದರ ಆಯ್ಕೆಗಳಲ್ಲಿವೆ, ಬೇಕಾದವರು ಹಾಕಿಕೊಳ್ಳಬಹುದು. ಹಳೆಯ ದುಭಾಷಿಯ ದೋಷ ಬೆರೆಸಿದ್ದಲ್ಲ. ನಮ್ಮನ್ನು ಒಂದು ಮಾತು ಕೇಳದೆ ಬೆರೆಸಿದ್ದು.

ಯಾವ ದುಭಾಷಿಗೂ ಬಗ್ಗದ ಕಾರ್ಟ್ರಿಡ್ಜ್‌ಗಳೂ ಇವೆ ಅನ್ನಿ. ವಾರಿಯೋವೇರ್ ಟ್ವಿಸ್ಟೆಡ್ ಆಟದ ಕಾರ್ಟ್ರಿಡ್ಜ್‌ನಲ್ಲಿ ತಿರುಗುವಿಕೆ ಅಳೆಯುವ ಸಂವೇದಕ ಇದೆ, ಆಡಬೇಕಾದರೆ ಇಡೀ ಗೇಮ್‌ಕ್ಯೂಬನ್ನು ಎತ್ತಿ ಸ್ಟಿಯರಿಂಗ್ ಥರ ತಿರುಗಿಸಬೇಕು. ಬೊಕ್ತಾಯ್ ಆಟಕ್ಕೆ ನಿಜವಾದ ಬಿಸಿಲು ಬೇಕು, ಟಿವಿ ಸಮೇತ ಅಂಗಳಕ್ಕೆ ಹೋಗಿ.

ಕೊನೆಯದಾಗಿ ಒಂದು ಗುಟ್ಟು ಹೇಳಿ ಆಟ ಹಾಕುತ್ತೇನೆ. ಪ್ಲೇಯರ್‌ನಲ್ಲಿ ಆಡಿದಾಗ ಕಂಟ್ರೋಲರ್ ಅದುರುವಂತೆ ಮಾಡುವ ಕೆಲವು ಆಟಗಳಿವೆ, ಪೊಕೆಮಾನ್ ಪಿನ್‌ಬಾಲ್‌ನ ರೂಬಿ ಅಂಡ್ ಸಫೈರ್ ಅಂಥದ್ದೊಂದು. ತಾನು ಕೈಯಂತ್ರದಲ್ಲಿದ್ದೇನೋ ಟಿವಿಯ ಅಡಿಯಲ್ಲಿದ್ದೇನೋ ಅಂತ ಆಟಕ್ಕೆ ತಿಳಿಯುವುದು ಹೇಗೆ? ಶುರುವಿನಲ್ಲಿ ಆಟ ಗೇಮ್ ಬಾಯ್ ಪ್ಲೇಯರ್ ಲೋಗೊ ತೋರಿಸುತ್ತದೆ. ಆ ಲೋಗೊ ಕಂಡ ಪ್ಲೇಯರ್ ಮೇಲೆ, ಕೆಳಗೆ, ಎಡ, ಬಲ ನಾಲ್ಕನ್ನೂ ಒಟ್ಟಿಗೇ ಒತ್ತಿದಂತೆ ಉತ್ತರ ಕೊಡುತ್ತದೆ. ಸಾಮಾನ್ಯ ಕೈಯಂತ್ರದ ಶಿಲುಬೆ ಗುಂಡಿಯಲ್ಲಿ ಮನುಷ್ಯರಾದವರು ಇದನ್ನು ಒತ್ತಲು ಆಗುವುದಿಲ್ಲ. ಆಗದ ಕೆಲಸ ಆಯಿತು ಅಂದಮೇಲೆ ಎದುರಿಗಿರುವುದು ಪ್ಲೇಯರೇ ಅಂತ ಆಟಕ್ಕೆ ಖಾತ್ರಿ. ಆಮೇಲೆ ಸೀರಿಯಲ್ ತಂತಿಯ ಮೇಲೆ ಇಬ್ಬರೂ ಮಾತು ಶುರು ಮಾಡುತ್ತಾರೆ.

ಇದೇ ಆ ಕಾರ್ಟ್ರಿಡ್ಜ್. ದಯವಿಟ್ಟು ಆ ಕಡೆಯ ದೀಪ ಒಂದು ಆರಿಸಿ. ಲೋಗೊ ಬಂದಾಗ ಯಾರೂ ಮಾತಾಡಬೇಡಿ, ಕಂಟ್ರೋಲರನ್ನು ಮೇಜಿನ ಮೇಲೇ ಬಿಟ್ಟಿರುತ್ತೇನೆ. ಚೆಂಡು ಮೊದಲ ಸಲ ಬಡಿದಾಗ ಮೇಜಿನ ಹಲಗೆ ಗುಂಯ್‌ಗುಟ್ಟುವುದು ಹಿಂದಿನ ಸಾಲಿಗೂ ಕೇಳಬೇಕು.